ತೀರ್ಥ ಮಾಸ್ಟ್ರು ಮಂಜುಗಡ್ಡೆಗೆ ನಮಸ್ಕಾರ ಮಾಡಿದ್ದು

ತೀರ್ಥರಾಮನನ್ನು ನೀವು ಕಂಡೇ ಇರುತ್ತೀರಿ. ಬೆಳ್ಳಾರೆ ಪೇಟೆಯಲ್ಲಿ ಬೆಳಗ್ಗೆ ಎಂಟೂವರೆಗೆ, ಕೊರಳಲ್ಲಿ ವಿಸಿಲ್, ಕಂಕುಳಲ್ಲಿ ಗಾಳಿ ಇಳಿದ ವಾಲಿಬಾಲ್, ಬಸ್ಸಿಗೆ ಕೈ ಅಡ್ಡ ಹಿಡಿದು ಓಡುವ ಸಪೂರ ಮನುಷ್ಯ ಇದ್ದಾನಲ್ಲ, ಅವನೇ. ಊರವರ ಬಾಯಲ್ಲಿ ತೀರ್ಥ ಮಾಸ್ಟ್ರು. ಪೇಟೆಯಿಂದ ಎರಡು ಮೈಲು ಆಚೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಆಟ ಕಲಿಸುತ್ತಿದ್ದಾನೆ. ಕೆಲಸದ ಹೆಸರು ಗೌರವ ಶಿಕ್ಷಕ. ಪ್ರತಿ ಏಪ್ರಿಲಿನಲ್ಲಿ ಬಿಡಿಸಿ, ಪ್ರತಿ ಜೂನಿನಲ್ಲಿ ಮತ್ತೆ ಸೇರಿಸಿಕೊಳ್ಳುವ ಗೌರವ. ಆ ಎರಡು ತಿಂಗಳು ಅವನು ಯಾರದ್ದಾದರೂ ಮದುವೆಗೆ ಶಾಮಿಯಾನ ಕಟ್ಟಲಿಕ್ಕೆ ಹೋಗುತ್ತಿದ್ದ. ಅವನ ಕೈಯಲ್ಲಿ ಕಬಡ್ಡಿ ಕಲಿತ ಒಬ್ಬ ಹುಡುಗ ಈಗ ಪುತ್ತೂರು ಕಡೆ ಸರಕಾರಿ ಶಾಲೆಯಲ್ಲಿ ಖಾಯಂ ದೈಹಿಕ ಶಿಕ್ಷಕ. ಸಿಕ್ಕಿದಾಗಲೆಲ್ಲ ಕಾಲು ಮುಟ್ಟಿ ನಮಸ್ಕರಿಸಿ, "ಸರ್, ನಿಮ್ದು ಪರ್ಮನೆಂಟ್ ಆಯ್ತಾ?" ಎಂದು ಕೇಳುತ್ತಾನೆ. ಪ್ರೀತಿಯಿಂದಲೇ ಕೇಳುತ್ತಾನೆ, ಪಾಪ. ಆ ದಿನ ತೀರ್ಥರಾಮನಿಗೆ ಊಟ ಸೇರುವುದಿಲ್ಲ.

ಹಾಗಿರುವಾಗ ಶಾಲೆಗೆ ಒಂದು ಖಾಯಂ ಹುದ್ದೆ ಮಂಜೂರಾಯಿತು. ಹದಿನಾಲ್ಕು ವರ್ಷ ಕಾದ ಹುದ್ದೆ! ತೀರ್ಥರಾಮನಿಗೆ ಬರುವ ಏಪ್ರಿಲಿಗೆ ವಯಸ್ಸಿನ ಮಿತಿ ದಾಟುತ್ತದೆ. ಸಂದರ್ಶನ ಮಾರ್ಚಿನಲ್ಲಿ. ಅಂದರೆ ಇದು ಮೊದಲನೆಯ ಅವಕಾಶ, ಕಡೆಯದ್ದೂ ಇದೇ. ಅವನು ಶಾಲೆಯ ಸಂಚಾಲಕರಾದ ವಿಷ್ಣುಪ್ರಸಾದರ ಮನೆ ಜಗಲಿಯಲ್ಲಿ ಹೋಗಿ ಕೂತ. ವಿಷ್ಣುಪ್ರಸಾದರು ಕೆಟ್ಟವರಲ್ಲ, ಆದರೆ ಯಾರ ಹತ್ತಿರವೂ ಇಲ್ಲ ಎನ್ನಲಿಕ್ಕೆ ಬಾರದ ಜಾತಿ.

"ಮಾಸ್ಟ್ರೆ, ನನ್ನ ಮನಸ್ಸಿನಲ್ಲಿ ಇರುದು ನೀವೇ. ಆದ್ರೆ ಸಮಿತಿಯವರ ಬಾಯಿ ಮುಚ್ಚಿಸ್ಲಿಕ್ಕೆ ಎಂತಾದ್ರೂ ಬೇಕಲ್ಲ? ಬಂದ ಅರ್ಜಿಯಲ್ಲಿ ಇಬ್ಬರದ್ದು ರಾಜ್ಯ ಮಟ್ಟದ ಸರ್ಟಿಫಿಕೇಟ್ ಉಂಟು. ಪ್ರಾಯವೂ ಸಣ್ಣದು. ನೀವೊಂದು ರಾಷ್ಟ್ರ ಮಟ್ಟದ ಪದಕ ತನ್ನಿ. ಯಾವ ಆಟದ್ದಾದ್ರೂ ಅಡ್ಡಿಲ್ಲ. ಮತ್ತೆ ನಾನು ನೋಡಿಕೊಳ್ತೇನೆ."

ಅಂಗಡಿಯಿಂದ ಕಾಲು ಕಿಲೋ ಸಕ್ಕರೆ ತನ್ನಿ ಎಂದಷ್ಟು ಸಲೀಸು! ಮೂವತ್ತೊಂಬತ್ತು ದಾಟಿದವನಿಗೆ ಕಬಡ್ಡಿಯಲ್ಲಿ ಯಾರು ಜಾಗ ಕೊಡುತ್ತಾರೆ? ವಾಲಿಬಾಲಿನಲ್ಲಿ ನೆಟ್ಟಿನ ಕಂಬ ಹಿಡಿಯಲಿಕ್ಕೂ ಕರೆಯುವುದಿಲ್ಲ. ತೀರ್ಥರಾಮ ಜಗಲಿ ಇಳಿದು ರಸ್ತೆಗೆ ಬಂದವನು ಮನೆಗೆ ಹೋಗುವ ದಾರಿಯನ್ನೇ ಬಿಟ್ಟು ಪೇಟೆಯ ಹೋಟೆಲಿಗೆ ಹೋದ. ಹೆಂಡತಿ ಸೇವಂತಿಗೆ ಏನೆಂದು ಹೇಳುವುದು?

ಹೋಟೆಲಿನಲ್ಲಿ ಸುಜಯ್ ಬನ್ಸ್ ತಿನ್ನುತ್ತ ಕೂತಿದ್ದ. ಸುಜಯ್ ಕೊಲ್ಲಮೊಗ್ರಿನವನು, ಶಾಲೆಯಲ್ಲಿ ಓದುವಾಗ ತೀರ್ಥರಾಮನ ಜೊತೆಗಾರ, ಮಿಲಿಟರಿಯಲ್ಲಿ ಹದಿನೇಳು ವರ್ಷ ಇದ್ದು, ಅದರಲ್ಲಿ ಬಹುಪಾಲು ಹಿಮದಲ್ಲೇ ಕಳೆದು ಬಂದವನು. ಸಂಗತಿ ಕೇಳಿ ಅವನು ಕೈ ತೊಳೆದು ಬಂದು ಕೂತ.

"ಕರ್ಲಿಂಗ್ ಅಂತ ಒಂದು ಆಟ ಉಂಟು ಮಾರಾಯ. ಐಸಿನ ಮೇಲೆ ಕಲ್ಲು ಜಾರಿಸುದು. ನಾನು ಅಲ್ಲಿರುವಾಗ ಎರಡು ವರ್ಷ ಆಡಿದ್ದೇನೆ. ಅದಕ್ಕೂ ಗಂಡಸರ ನ್ಯಾಷನಲ್ ಅಂತ ಮಾಡ್ತಾರೆ, ಫೆಬ್ರವರಿಯಲ್ಲಿ."

"ಎಷ್ಟು ತಂಡ ಬರ್ತದೆ?"

"ಹೋದ ವರ್ಷ ಆರು."

ತೀರ್ಥರಾಮ ಚಹಾದ ಗ್ಲಾಸು ಕೆಳಗಿಟ್ಟ. ಆಟ ಹೇಗೆ, ಬಿದ್ದರೆ ಸೊಂಟ ಮುರಿಯುತ್ತದೋ, ಚಳಿ ಎಷ್ಟು, ಒಂದನ್ನೂ ಕೇಳಲಿಲ್ಲ. "ಆರರಲ್ಲಿ ಮೂರಕ್ಕೆ ಪದಕ ಅಲ್ವ?" ಎಂದಷ್ಟೇ ಕೇಳಿದ. ನಮ್ಮ ರಾಜ್ಯದಿಂದ ಬೇರೆ ತಂಡವೇ ಇಲ್ಲದ ಕಾರಣ ಆಯ್ಕೆಯ ತಂಟೆಯೂ ಇರಲಿಲ್ಲ. ನಾಲ್ಕು ಜನ ಹೆಸರು ಕೊಟ್ಟರೆ ಅದೇ ರಾಜ್ಯ ತಂಡ. ಎಂಥ ಕಾಲ ಬಂತು ನೋಡಿ!

ನಾಲ್ಕು ಜನ ಆದರು. ಸುಜಯ್ ನಾಯಕ. ಎರಡನೆಯವನು ತೀರ್ಥರಾಮ. ಮೂರನೆಯವನು ಮೆಣಸು, ರಬ್ಬರ್ ಖರೀದಿ ಅಂಗಡಿಯ ಕುಂಞಿ ಮೋನು. ಕೇರಂ ಬೋರ್ಡಿನಲ್ಲಿ ಅವನ ಕಣ್ಣಿಗೆ ಎದುರಿಲ್ಲ. ನಾಲ್ಕನೆಯವನು ಇಚಿಲಂಪಾಡಿಯ ಬೋಜಪ್ಪ. ಹಗ್ಗ ಜಗ್ಗಾಟದಲ್ಲಿ ಕಡೆಯಲ್ಲಿ ನಿಂತು ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುವ ಆಳು.

ಆಟ ಅರ್ಥವಾಗಲಿಕ್ಕೆ ಕಷ್ಟದ್ದಲ್ಲ. ಐಸಿನ ಉದ್ದ ಅಂಕಣದ ಆಚೆ ತುದಿಯಲ್ಲಿ ಒಂದು ವೃತ್ತ. ಈಚೆಯಿಂದ ಇಪ್ಪತ್ತು ಕಿಲೋದಷ್ಟು ಭಾರದ, ಮೇಲೆ ಹಿಡಿ ಇರುವ ಉರುಟು ಕಲ್ಲನ್ನು ಜಾರಿಸಿ ಬಿಡುವುದು. ಯಾರ ಕಲ್ಲು ವೃತ್ತದ ನಡುವಿಗೆ ಹತ್ತಿರವೋ ಅವರಿಗೆ ಅಂಕ. ಕಲ್ಲು ಹೋಗುವಾಗ ಇಬ್ಬರು ಅದರ ಮುಂದೆ ಮುಂದೆ ಬ್ರಷ್ಷಿನಿಂದ ಐಸನ್ನು ಉಜ್ಜುತ್ತ ಓಡಬೇಕು. ಉಜ್ಜಿದಷ್ಟು ಕಲ್ಲು ದೂರ ಹೋಗುತ್ತದೆ. ಉಜ್ಜುವ ಕೆಲಸ ತೀರ್ಥರಾಮ ಮತ್ತು ಬೋಜಪ್ಪನದು.

ಬೆಳ್ಳಾರೆಯಲ್ಲಿ ಐಸು ಎಲ್ಲಿಂದ? ಮೀನಿನ ಪೆಟ್ಟಿಗೆಯಲ್ಲಿ ಬಿಟ್ಟರೆ ಇಲ್ಲ. ಕುಂಞಿ ಮೋನುವಿನ ಅಂಗಡಿಯ ಮೂಲೆಯಲ್ಲಿ ಅವನ ಬಾಪನ ಕಾಲದ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳು ಬಿದ್ದಿದ್ದವು, ಮೇಲೆ ಹಿಡಿ ಸಮೇತ. ಧನು ತಿಂಗಳಲ್ಲಿ ಮದುವೆ ಇಲ್ಲದ ಕಾರಣ ಪೇಟೆಯ ಕಲ್ಯಾಣ ಮಂಟಪ ಖಾಲಿ. ಅದರ ಗ್ರಾನೈಟ್ ನೆಲಕ್ಕೆ ಸಾಬೂನು ನೀರು ಹೊಯ್ದು, ತೂಕದ ಕಲ್ಲಿನ ಅಡಿಗೆ ತಗಡು ಕಟ್ಟಿ, ವರ ಕೂರುವ ವೇದಿಕೆಯ ಕೆಳಗೆ ಸೀಮೆಸುಣ್ಣದಲ್ಲಿ ವೃತ್ತ ಬರೆದು ಒಂದು ತಿಂಗಳು ಅಭ್ಯಾಸ ನಡೆಯಿತು. ನೋಡಲಿಕ್ಕೆ ಬಂದವರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಸೇವಂತಿಯೂ ಒಂದು ದಿನ ಬಂದಳು.

"ಮನೆಯಲ್ಲಿ ಒಂದು ದಿನ ಗುಡಿಸ್ಲಿಕ್ಕೆ ಹಿಡಿಸೂಡಿ ಮುಟ್ಟಿದವರಲ್ಲ, ಇಲ್ಲಿ ನೋಡಿ ಇವರನ್ನು!" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ತೀರ್ಥರಾಮನೂ ನಕ್ಕ. ಆದರೆ ಹೊರಡುವ ದಿನ ಬ್ಯಾಗಿಗೆ ಚಟ್ನಿಪುಡಿ ಹಾಕುತ್ತ ಅವಳು ತಲೆ ಎತ್ತದೆ ಹೇಳಿದಳು: "ಇದೊಂದು ಸಲ ಆಗ್ಬೇಕು. ಆಗದಿದ್ರೆ ಇನ್ನು ನಿಮಗೆ ಧೈರ್ಯ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಹದಿನಾಲ್ಕು ವರ್ಷ ಹೇಳಿದೆ. ನನ್ನ ಹತ್ರ ಇದ್ದದ್ದು ಮುಗೀತು." ತೀರ್ಥರಾಮ ಹ್ಞೂಂ ಎಂದ. ಬಸ್ಸು ಹತ್ತುವವರೆಗೆ ಅವಳ ಮುಖ ನೋಡಲಿಲ್ಲ.

ಉತ್ತರದ ಆ ಹಿಮದೂರಿನಲ್ಲಿ ಇಳಿದಾಗ ನಾಲ್ವರ ಹಲ್ಲೂ ಕಟಕಟ ಎನ್ನುತ್ತಿತ್ತು. ಕುಂಞಿ ಮೋನು ಮೂರು ಸ್ವೆಟರಿನ ಮೇಲೆ ಹೆಂಡತಿ ಪಾತುವಿನ ಶಾಲನ್ನೂ ಸುತ್ತಿಕೊಂಡ. ಅಂಕಣಕ್ಕೆ ಕಾಲಿಟ್ಟ ಮೊದಲ ಗಳಿಗೆಗೇ ಬೋಜಪ್ಪ ಅಂಗಾತ ಬಿದ್ದ. ಕಲ್ಯಾಣ ಮಂಟಪದ ಸಾಬೂನು ನೀರು ಬೇರೆ, ಇದು ಬೇರೆ. ಮೊದಲ ಪಂದ್ಯ ಹನ್ನೊಂದು-ಒಂದರಿಂದ ಸೋತರು. ಆ ಒಂದು ಅಂಕವೂ ಎದುರಿನವರ ತಪ್ಪಿನಿಂದ ಬಂದದ್ದು. ತೀರ್ಥರಾಮ ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟು ಅತ್ತ. ನಲವತ್ತರ ಹತ್ತಿರದ ಗಂಡಸು, ಅಷ್ಟು ದೂರ ಹೋಗಿ ಅತ್ತ. ನಾಚಿಕೆ ಅನಿಸಿದರೆ ಅನಿಸಲಿ, ನಡೆದದ್ದು ಹೌದು.

ಎರಡನೆಯ ಪಂದ್ಯದಲ್ಲಿ ಕುಂಞಿ ಮೋನುವಿನ ಕೇರಂ ಕಣ್ಣು ತೆರೆಯಿತು. "ಇದು ಸ್ಟ್ರೈಕರೇ ಅಲ್ವ ಮಾಸ್ಟ್ರೆ, ದೊಡ್ಡದು ಅಷ್ಟೇ" ಎಂದು ಎದುರಿನವರ ಮೂರು ಕಲ್ಲುಗಳನ್ನು ಒಂದರ ಹಿಂದೆ ಒಂದು ಹೊರಗೆ ಹಾರಿಸಿದ. ಗೆದ್ದರು! ಎರಡು ಗುಂಪು, ಗುಂಪಿಗೆ ಮೂರು ತಂಡ. ಒಂದು ಗೆಲುವಿಗೇ ಸೆಮಿಫೈನಲ್. ಅಲ್ಲಿ ಸೋತರು. ಉಳಿದದ್ದು ಕಂಚಿನ ಪಂದ್ಯ. ಎದುರಿಗೆ ಆ ಊರಿನದೇ ತಂಡ. ಅದರ ನಾಯಕ ಅರ್ಧ ನರೆತ ಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ಉಳಿದ ಮೂವರು ಪ್ರಾಯದವರು.

ಆ ದಿನ ನಮ್ಮವರಿಗೆ ಏನು ಮೈಮೇಲೆ ಬಂದಿತ್ತೋ. ಕಡೆಯ ಸುತ್ತಿಗೆ ಬರುವಾಗ ಅಂಕ ಐದು-ಐದು. ಇನ್ನು ಒಂದೇ ಕಲ್ಲು ಬಾಕಿ, ಅದು ನಮ್ಮದು. ವೃತ್ತದ ಒಳಗೆ, ನಡುವಿನಿಂದ ಒಂದು ಮೊಳ ದೂರದಲ್ಲಿ ಎದುರಿನವರ ಕಲ್ಲು ಕೂತಿದೆ. ನಮ್ಮ ಕಲ್ಲು ಅದಕ್ಕಿಂತ ಒಳಗೆ ಹೋಗಿ ನಿಲ್ಲಬೇಕು. ನಿಂತರೆ ಕಂಚು, ಇಲ್ಲದಿದ್ದರೆ ಬರಿಗೈಯಲ್ಲಿ ಊರಿನ ರೈಲು. ವೃತ್ತದ ಹತ್ತಿರ ಕುಂಞಿ ಮೋನು ಗುರಿ ತೋರಿಸಿ ನಿಂತ. ಸುಜಯ್ ಮಂಡಿಯೂರಿ ಕಲ್ಲು ಬಿಟ್ಟ.

ಬಿಟ್ಟದ್ದು ಮೆತ್ತಗಾಯಿತು. ಅರ್ಧ ದಾರಿ ಹೋಗುವಾಗಲೇ ಕಲ್ಲು ಸುಸ್ತಾದದ್ದು ಗೊತ್ತಾಯಿತು. "ಉಜ್ಜಿ! ಉಜ್ಜಿ ಮಾರಾಯ್ರೆ!" ಎಂದು ಸುಜಯ್ ಹಿಂದಿನಿಂದ ಕಿರುಚಿದ. ತೀರ್ಥರಾಮ ಮತ್ತು ಬೋಜಪ್ಪ ಜೀವ ಬಿಟ್ಟು ಉಜ್ಜಿದರು. ತೀರ್ಥರಾಮನ ಕಣ್ಣ ಮುಂದೆ ಹದಿನಾಲ್ಕು ಜೂನ್ ತಿಂಗಳುಗಳು ಓಡಿದವು, ಹದಿನಾಲ್ಕು ಸಲ ಬರೆದ ಅರ್ಜಿಗಳು, ಚಟ್ನಿಪುಡಿ ಕಟ್ಟುತ್ತ ತಲೆ ತಗ್ಗಿಸಿದ ಸೇವಂತಿ. ಕಲ್ಲು ವೃತ್ತದ ಅಂಚು ದಾಟಿತು. ಇನ್ನು ಒಂದು ಮಾರು. ಆಗ ಅವನ ಬಲಗಾಲು ಜಾರಿತು. ಶೂಸಿನ ತುದಿ ಕಲ್ಲಿನ ಬದಿಗೆ ಒಂಚೂರು, ಬೆರಳಿನಿಂದ ತಟ್ಟಿದಷ್ಟು, ತಾಗಿತು.

ಯಾರೂ ನೋಡಿದ ಹಾಗೆ ಕಾಣಲಿಲ್ಲ. ಅಡ್ಡಕ್ಕೆ ಬೋಜಪ್ಪನ ದೊಡ್ಡ ದೇಹ ಇತ್ತು. ತೀರ್ಥರಾಮ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಜನರ ಕೈ ಸುಮ್ಮನಿರುತ್ತದೆಯೇ? ಪುಸ್ತಕಕ್ಕೆ ಕಾಲು ತಾಗಿದರೆ, ಅಕ್ಕಿ ಅಳೆಯುವ ಸೇರಿಗೆ ತಾಗಿದರೆ, ಬಸ್ಸಿನಲ್ಲಿ ಗುರುತಿಲ್ಲದವರ ಕಾಲಿಗೆ ತಾಗಿದರೂ ನಮ್ಮ ಕೈ ನಮ್ಮನ್ನು ಕೇಳದೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತದೆ. ತೀರ್ಥರಾಮನ ಕೈಯೂ ಹಾಗೇ ಬಗ್ಗಿತು. ಅಷ್ಟರಲ್ಲಿ ಕಲ್ಲು ಮುಂದೆ ಹೋಗಿತ್ತು, ಬೆರಳಿಗೆ ಸಿಕ್ಕಿದ್ದು ಬರೀ ಐಸು. ಐಸನ್ನು ಮುಟ್ಟಿದ ಆ ಬೆರಳನ್ನು ಅವನು ಎರಡೂ ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡ ಮೇಲೆಯೇ ಅವನಿಗೆ ತಾನು ಮಾಡಿದ್ದು ತಿಳಿದದ್ದು.

ಕಲ್ಲು ಎದುರಿನವರ ಕಲ್ಲಿಗಿಂತ ನಾಲ್ಕು ಬೆರಳು ಒಳಗೆ ನಿಂತಿತು. ಸುಜಯ್ ಕೂಗಿಕೊಂಡು ಓಡಿ ಬಂದ. ಕುಂಞಿ ಮೋನು ಕುಣಿಯಲಿಕ್ಕೆ ಹೋಗಿ ಬಿದ್ದ. ಆದರೆ ಗಡ್ಡದ ನಾಯಕ ವೃತ್ತದ ಹಿಂದಿನಿಂದ ತೀರ್ಥರಾಮನನ್ನೇ ನೋಡುತ್ತಿದ್ದ. ಅವನೂ ಈ ದೇಶದವನೇ ಅಲ್ಲವೇ? ಕಣ್ಣಿಗೊತ್ತಿಕೊಳ್ಳುವುದು ಯಾವಾಗ ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅವನು ಹತ್ತಿರ ಬಂದು ಹಿಂದಿಯಲ್ಲಿ, ಮೆಲ್ಲಗೆ ಕೇಳಿದ: "ಅಣ್ಣ, ಕಾಲು ತಾಗಿತೇ?"

ಓಡುವ ಕಲ್ಲಿಗೆ ಆಡುವವನ ಕಾಲು ತಾಗಿದರೆ ಎದುರಾಳಿ ಆ ಕಲ್ಲನ್ನು ಹೊರಗಿಡಿಸಬಹುದು. ಹೊರಗಿಟ್ಟರೆ ಕಂಚು ಅವರದು. ಆದರೆ ಈ ಆಟದಲ್ಲಿ ಒಂದು ಮರ್ಯಾದೆ ಉಂಟು: ತಾಗಿಸಿದವನೇ ತಾಗಿತು ಎನ್ನಬೇಕು. ಅಂಪೈರ್ ಕೂಡ ಬಂದು, "ನೀವು ಹೇಳಿದ್ದೇ ಸರಿ" ಎಂದ. ಎದುರು ತಂಡದ ಇಬ್ಬರು ಏನೋ ಗೊಣಗಿದರು. ನಾಯಕ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ. ಎಲ್ಲರೂ ತೀರ್ಥರಾಮನ ಬಾಯಿಗೆ ಕಾದು ನಿಂತರು.

"ಐಸಿಗೆ ನಮಸ್ಕಾರ ಮಾಡಿದ್ದು ಅಂತ ಹೇಳು ಮಾರಾಯ," ಸುಜಯ್ ಕಿವಿಯ ಹತ್ತಿರ ಪಿಸುಗುಟ್ಟಿದ.

ಮಕ್ಕಳಿಗೆ ಹದಿನಾಲ್ಕು ವರ್ಷ ತೀರ್ಥರಾಮ ಹೇಳಿದ್ದು ಒಂದೇ: ಔಟಾದರೆ ಔಟೆಂದು ಕೈ ಎತ್ತು. ಇವತ್ತು ಅವನು ಕೈ ಎತ್ತಲಿಲ್ಲ. ಶಾಲೆಯ ಹರಕು ಹಿಂದಿಯಲ್ಲಿ ಹೇಳಿದ: "ಇಲ್ಲ. ನಮ್ಮ ಊರಲ್ಲಿ ಐಸು ಇಲ್ಲ. ಇಷ್ಟು ದಿನ ತುಳಿದೆವಲ್ಲ, ಅದಕ್ಕೆ ನಮಸ್ಕಾರ ಮಾಡಿದೆ."

ನಾಯಕನ ಕಣ್ಣು ತುಂಬಿ ಬಂತು. ಅವನು ತೀರ್ಥರಾಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಇಲ್ಲೇ ಹುಟ್ಟಿದ ನಮಗೆ ಇದು ಹೊಳೆಯಲಿಲ್ಲ ನೋಡಿ" ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ರೈಲಿನಲ್ಲಿ ಪದಕದ ಮಾತೇ ಹೆಚ್ಚು ಬರಲಿಲ್ಲ. ಎರಡನೆಯ ದಿನ ಬೋಜಪ್ಪ ಕಿಟಕಿಯ ಹೊರಗೆ ನೋಡುತ್ತ, "ನನ್ನ ಕಾಲಾಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ ಮಾಸ್ಟ್ರೆ" ಎಂದ. ಅಂದರೆ ಅವನಿಗೆ ಗೊತ್ತಿತ್ತು. ತೀರ್ಥರಾಮ ಮೇಲಿನ ಬರ್ತ್ ಹತ್ತಿ ಮುಖಕ್ಕೆ ಟವೆಲು ಹಾಕಿ ಮಲಗಿದ.

ಊರಿನಲ್ಲಿ ಬ್ಯಾನರ್ ಕಟ್ಟಿದ್ದರು. ಐಸಿಗೆ ನಮಸ್ಕಾರ ಮಾಡಿದ ಕತೆಯನ್ನು ಸುಜಯ್ ಆಗಲೇ ಊರಿಡೀ ಹೇಳಿಯಾಗಿತ್ತು. ಮರುದಿನದ ಪೇಪರಿನಲ್ಲಿ "ಹಿಮಕ್ಕೂ ತಲೆಬಾಗಿದ ನಮ್ಮೂರ ಮಾಸ್ಟ್ರು" ಎಂದು ಫೋಟೋ ಸಹಿತ ಬಂತು. ಸೇವಂತಿ ಅದನ್ನು ಎರಡು ಸಲ ಓದಿದಳು. ಮನೆಗೆ ಬಂದವರೆಲ್ಲ ಹೋದ ಮೇಲೆ ಕೇಳಿದಳು.

"ಕಾಲು ತಾಗಿತ್ತಾ?"

"ಹ್ಞೂಂ."

"ನನಗೆ ಗೊತ್ತಾಯ್ತು. ನೀವು ದೇವಸ್ಥಾನದಲ್ಲಿಯೇ ಸರಿಯಾಗಿ ಕೈಮುಗಿಯುವವರಲ್ಲ." ಅವಳು ಪೇಪರನ್ನು ಮಡಚಿ ಹಾಸಿಗೆಯ ಅಡಿಗೆ ಇಟ್ಟಳು. "ಆರ್ಡರ್ ಕೈಗೆ ಬರುವವರೆಗೆ ಯಾರ ಹತ್ರವೂ ಬಾಯಿ ಬಿಡ್ಬೇಡಿ. ನನ್ನಾಣೆ ಉಂಟು."

ಮಾರ್ಚಿನಲ್ಲಿ ಸಂದರ್ಶನ ಐದೇ ನಿಮಿಷ. ಸಮಿತಿಯವರು ಪೇಪರ್ ಓದಿಕೊಂಡೇ ಬಂದಿದ್ದರು. ಏಪ್ರಿಲ್ ಮೊದಲ ವಾರ ಆರ್ಡರ್ ಬಂತು, ಎರಡು ವರ್ಷ ಪ್ರೊಬೇಶನ್. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಬೇಸಿಗೆಯಲ್ಲಿ ಶಾಮಿಯಾನದ ಕಂಬ ಹೊರಲಿಲ್ಲ. ಸೇವಂತಿಯ ಮುಖಕ್ಕೆ ಕಳೆ ಬಂತು. ತೀರ್ಥರಾಮನೂ ಮೆಲ್ಲ ಮೆಲ್ಲ ನಗಲಿಕ್ಕೆ ಶುರು ಮಾಡಿದ. ಮರೆಯಲಿಕ್ಕೂ ಶುರು ಮಾಡಿದ್ದ, ಸುಳ್ಳು ಯಾಕೆ ಹೇಳುವುದು.

ಜೂನಿನಲ್ಲಿ ಶಾಲೆ ತೆರೆದ ಮೊದಲ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ವಿಷ್ಣುಪ್ರಸಾದರು ಒಂದು ಲಕೋಟೆ ಹಿಡಿದು ಬಂದರು. ಆ ಗಡ್ಡದ ನಾಯಕ ಶಾಲೆಯ ವಿಳಾಸ ಹುಡುಕಿ ಹಿಂದಿಯಲ್ಲಿ ಪತ್ರ ಬರೆದಿದ್ದ. ಹಿಂದಿ ಟೀಚರ್ ಸತ್ಯವತಿ ಅದನ್ನು ಕನ್ನಡ ಮಾಡಿ ಮೈಕಿನಲ್ಲಿ ಓದಿದರು. "ನಿಮ್ಮ ಶಿಕ್ಷಕರನ್ನು ಕಂಡದ್ದು ನನ್ನ ಭಾಗ್ಯ. ಅವರ ಕಾಲು ತಾಗಿದ್ದನ್ನು ಕಣ್ಣಾರೆ ಕಂಡೆವು ಎಂದು ನನ್ನ ತಂಡದ ಇಬ್ಬರು ಹಟ ಹಿಡಿದರು. ಹಿಮಕ್ಕೆ ನಮಸ್ಕರಿಸುವ ಮನುಷ್ಯನ ಮೇಲೆ ಅಪವಾದ ಹೊರಿಸಿದ್ದಕ್ಕೆ ಕ್ಷಮೆ ಕೇಳಿ ಎಂದೆ. ಅವರು ಒಪ್ಪಲಿಲ್ಲ. ಇಬ್ಬರನ್ನೂ ತಂಡದಿಂದ ತೆಗೆದಿದ್ದೇನೆ. ಅವರಿಗೆ ಈ ಆಟ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಆದರೆ ಸುಳ್ಳು ಹೇಳುವವರಿಗೆ ನನ್ನಲ್ಲಿ ಜಾಗವಿಲ್ಲ."

ಮಕ್ಕಳು ಚಪ್ಪಾಳೆ ತಟ್ಟಿದರು. ವಿಷ್ಣುಪ್ರಸಾದರು ಎಲ್ಲರಿಗಿಂತ ಜೋರಾಗಿ ತಟ್ಟಿದರು. "ಎರಡು ಮಾತು ಹೇಳಿ ಮಾಸ್ಟ್ರೆ" ಎಂದು ಮೈಕನ್ನು ಅವನ ಕೈಗೆ ಕೊಟ್ಟರು. ತೀರ್ಥರಾಮ ಮೈಕು ಹಿಡಿದು, ಆಟದಲ್ಲಿ ಸೋಲು ಗೆಲುವಿಗಿಂತ ನಡತೆ ದೊಡ್ಡದು ಎಂದ. ಸ್ವರ ಒಂಚೂರೂ ನಡುಗಲಿಲ್ಲ. ಮತ್ತೆ ಚಪ್ಪಾಳೆ. ಅವನು ಮೈದಾನದ ಆಚೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಬೆಳಗ್ಗೆ ತಿಂದದ್ದನ್ನೆಲ್ಲ ಕಕ್ಕಿದ.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಸತ್ಯವತಿ ಟೀಚರ್ ಒಬ್ಬರೇ ಇದ್ದರು. ತೀರ್ಥರಾಮ ಅವರ ಎದುರು ಕುರ್ಚಿ ಎಳೆದು ಕೂತ.

"ಟೀಚರ್, ಆ ಪತ್ರಕ್ಕೆ ಉತ್ತರ ಬರೀಬೇಕು. ಹಿಂದಿಯಲ್ಲಿ ನೀವೇ ಬರೆದು ಕೊಡಿ."

"ಅದಕ್ಕೇನು ಮಾಸ್ಟ್ರೆ, ಹೇಳಿ." ಅವರು ಒಂದು ಹಾಳೆ ಹರಿದು ಪೆನ್ನು ತೆಗೆದರು.

"ಧನ್ಯವಾದ ಅಂತ ಬರೀರಿ. ಮತ್ತೆ ಆ ಇಬ್ಬರನ್ನು ವಾಪಾಸು ತಂಡಕ್ಕೆ ಸೇರಿಸಿಕೊಳ್ಳಬೇಕು ಅಂತ ಬರೀರಿ. ನಾನು ಕೈಮುಗಿದು ಕೇಳ್ತಿದ್ದೇನೆ ಅಂತ."

ಸತ್ಯವತಿ ಟೀಚರ್ ಬರೆದರು. ಬರೆದು ತಲೆ ಎತ್ತಿದರು. "ಕಾರಣ ಎಂತ ಬರೆಯುದು?"

ತೀರ್ಥರಾಮ ಕಿಟಕಿಯತ್ತ ನೋಡಿದ. ಹೊರಗೆ ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಪ್ರಾಯದವರು, ಕ್ಷಮಿಸಿಬಿಡಿ ಎಂದು ಬರೆಸಬಹುದಿತ್ತು. ದೊಡ್ಡ ಮನಸ್ಸಿನ ಮಾಸ್ಟ್ರು ಎಂದು ಇನ್ನೊಂದು ಪೇಪರಿನಲ್ಲಿ ಬರುತ್ತಿತ್ತು. ಟೀಚರ್ ಪೆನ್ನು ಹಿಡಿದೇ ಕಾದರು.

"ಆ ಇಬ್ಬರ ಕಣ್ಣು ಸರಿ ಉಂಟು ಅಂತ ಬರೀರಿ."

ಸತ್ಯವತಿ ಟೀಚರ್ ಅವನ ಮುಖ ನೋಡಿದರು. ಪೆನ್ನು ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು.

"ಮಾಸ್ಟ್ರೆ, ನಿಮ್ಮ ಪ್ರೊಬೇಶನ್ ಇನ್ನೂ ಎರಡು ವರ್ಷ ಉಂಟು. ಈ ಪತ್ರ ಅಲ್ಲಿಂದ ತಿರುಗಿ ಇಲ್ಲಿಗೆ ಬರಲಿಕ್ಕೆ ಎರಡು ವಾರ ಸಾಕು."

"ಗೊತ್ತುಂಟು."

"ಸೇವಂತಿಗೆ ಗೊತ್ತುಂಟಾ?"

"ಇಲ್ಲ," ಎಂದ ತೀರ್ಥರಾಮ. "ಬರೀರಿ ಟೀಚರ್. ಬೆಲ್ ಆಗುವ ಮೊದಲು ಪೋಸ್ಟಿಗೆ ಹಾಕಿ ಬರ್ತೇನೆ. ಸಂಜೆ ಮನೆಗೆ ಹೋದ್ರೆ ಮತ್ತೆ ನನ್ನಿಂದ ಆಗುದಿಲ್ಲ."